ಟ್ಯಾಂಕ್ ಕಟ್ಟಿ ಹುಡುಗ್ರ ಬಗ್ಗೆ: ಅರ್ಜಿಗೆ ಸಹಿ ಹಾಕೂ ಮೊದಲ

2ನೇ ಕ್ರಾಸ್, ಮನೆ 41 (ನಿವೃತ್ತ ಐಟಿಐ ಮಾಸ್ತರ):
ಎಲ್ಲಾರಿಗೂ ನಮಸ್ಕಾರ್ರಿ. ನೀರಿನ ಟ್ಯಾಂಕ್ ಕಟ್ಟಿ ಮ್ಯಾಲೆ ಕೂಡೂ ಹುಡುಗ್ರನ್ನ ಎಬ್ಬಿಸಬೇಕು, ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಡಬೇಕು ಅಂತ ಎರಡು ದಿನದಿಂದ ನಮ್ಮ ಲೇಔಟಿನ ಈ ಗುಂಪಿನ್ಯಾಗ ಮಾತು ನಡದೈತಿ. ನಿನ್ನೆ ಸಂಜಿಮುಂದ ನಾನು ಅವರ ಜೋಡಿ ತಾಸೊತ್ತು ಕುಂತಿದ್ದೆ. ಏಳು ಮಂದಿ. ಇಬ್ಬರು ನಮ್ಮ ಲೇಔಟಿನವ್ರ, ಉಳಿದವ್ರು ಹಿಂದಿನ ಓಣಿಯವ್ರು. ನಾಲ್ಕು ಮಂದಿ ಎಸ್ಸೆಸ್ಸೆಲ್ಸಿ ಫೇಲ್, ಅದರಾಗ ಮೂವರಿಗೆ ಗಣಿತ ಒಂದ ಉಳದೈತಿ. ಇಬ್ಬರು ಪಿಯುಸಿ ನಡುವ ಬಿಟ್ಟಾರ. ಒಬ್ಬ ಒಂಬತ್ತನೇತ್ತಾದಾಗ ಸಾಲಿ ಬಿಟ್ಟಾನ. "ಮುಂದೇನಪಾ" ಅಂತ ಬೈದು ಕೇಳಿದವ್ರು ಭಾಳ, ಬಾಜೂಕ ಕುಂತು ಕೇಳಿದವ್ರು ಯಾರೂ ಇಲ್ಲ.

4ನೇ ಕ್ರಾಸ್, ಮನೆ 17:
ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ನನ್ನ ಮಗಳು ಟ್ಯೂಷನ್ ಮುಗಿಸಿ ರಾತ್ರಿ ಎಂಟಕ್ಕೆ ಅದೇ ದಾರೀಲಿ ಬರಬೇಕು. ಬೈಕ್ ರೇಸ್ ಮಾಡ್ತಾರೆ, ಕೂಗ್ತಾರೆ. ಅವಳಿಗೂ ಭಯ, ನನಗೂ ಭಯ. ನಾನು ಸಹಿ ಮಾಡಿದ್ದೀನಿ, ವಾಪಸ್ ತಗೊಳ್ಳಲ್ಲ.

2ನೇ ಕ್ರಾಸ್, ಮನೆ 41:
ಅಕ್ಕಾರ, ನಿಮ್ಮ ಹೆದರಿಕಿ ಖರೆ ಐತ್ರಿ. ವಾಪಸ್ ತಗೋರಿ ಅಂತ ನಾ ಅನ್ನಂಗಿಲ್ಲ. ಬೈಕಿನ ಮಾತು ಅವರ ಮುಂದ ಇಟ್ಟೀನಿ. ಕಟ್ಟಿ ಹತ್ರ ಬೀದಿದೀಪ ಕೆಟ್ಟು ಭಾಳ ದಿನ ಆತು, ಅದಕ್ಕ ಪಾಲಿಕಿಗೆ ದೂರು ನಾಳೆ ನಾನ ಕೊಡ್ತೀನಿ. ಮಗಳು ಬರೂ ಹೊತ್ತಿಗೆ ಈ ವಾರ ಪೂರ್ತಿ ನಾ ಅಲ್ಲೇ ಇರ್ತೀನಿ. ಆದರ ಇಲ್ಲಿಂದ ಎದ್ದವ್ರು ಮನಿಗೆ ಹೋಗಂಗಿಲ್ರಿ, ಇನ್ನೊಂದು ಕಟ್ಟಿಗೆ ಹೋಗ್ತಾರ.

ಕಿರಾಣಿ ಅಂಗಡಿ, ಮೇನ್ ರೋಡ್:
ಸರ್ಕಾರದ ಯುವನಿಧಿಗೆ ಅರ್ಜಿ ಹಾಕಸ್ರಲಾ, ತಿಂಗಳಾ ರೊಕ್ಕ ಬರತೈತಿ.

1ನೇ ಕ್ರಾಸ್, ಮನೆ 8:
ಕಾಕಾ, ಯುವನಿಧಿ ಡಿಗ್ರಿ ಇಲ್ಲವೇ ಡಿಪ್ಲೊಮಾ ಪಾಸಾದವರಿಗೆ ಮಾತ್ರ. ಡಿಗ್ರಿಗೆ 3000, ಡಿಪ್ಲೊಮಾಕ್ಕೆ 1500, ಅದೂ ಹೆಚ್ಚೆಂದರೆ ಎರಡು ವರ್ಷ. ಹತ್ತನೇದು ದಾಟದವರಿಗೆ ಅದರಲ್ಲಿ ಏನೂ ಇಲ್ಲ.
ನಾನು ಹುಬ್ಬಳ್ಳಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋದು. ನಮ್ಮ ಯುನಿಟ್ ಗೇಟಿಗೆ ಹೆಲ್ಪರ್ ಬೇಕು ಅಂತ ಬೋರ್ಡ್ ಹಾಕಿ ಎರಡು ತಿಂಗಳಾಯ್ತು. 18 ತುಂಬಿದವರು ಇದ್ದರೆ ನಾನೇ ಕರ್ಕೊಂಡು ಹೋಗಿ ಸೂಪರ್‌ವೈಸರ್ ಹತ್ರ ನಿಲ್ಲಿಸ್ತೀನಿ. ಆಧಾರ್‌ನಲ್ಲಿ ಹುಟ್ಟಿದ ತಾರೀಖು ಸರಿ ಇರಬೇಕು, ಬ್ಯಾಂಕ್ ಖಾತೆ ಇರಬೇಕು. ಒಂದು ಮಾತು ಮಾತ್ರ ಮೊದಲೇ ಹೇಳ್ತೀನಿ. ಹೆಲ್ಪರ್ ಅಂತ ಸೇರಿ ಹತ್ತು ವರ್ಷ ಆದರೂ ಹೆಲ್ಪರ್ ಆಗೇ ಉಳಿದವರು ನಮ್ಮಲ್ಲೇ ಇದ್ದಾರೆ. ಐಟಿಐ ಮುಗಿಸಿದ ಹುಡುಗ ಬಂದ ತಿಂಗಳೊಳಗೆ ಮಷಿನ್ ಮುಂದೆ ನಿಲ್ತಾನೆ.

2ನೇ ಕ್ರಾಸ್, ಮನೆ 41:
ಇದನ್ನ ನಾ ಹೇಳಾಕ ಹೊಂಟಿದ್ದೆ ನೋಡ್ರಿ. ಸ್ವಲ್ಪ ಉದ್ದ ಆಗತೈತಿ, ಓದ್ರಿ.
ಗಣಿತ ಉಳಿದ ಮೂವರು ಮತ್ತ ಆರೂ ವಿಷಯ ಬರಿಬೇಕು ಅಂತ ತಿಳ್ಕೊಂಡಿದ್ರು. ಹಂಗಿಲ್ಲ, ಫೇಲಾದ ವಿಷಯ ಅಷ್ಟ ಬರದ್ರ ಸಾಕು. 2024ರಿಂದ ಒಂದ ವರ್ಷದಾಗ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡಸಾಕತ್ತಾರ, ಅದೂ ಅವರಿಗೆ ಗೊತ್ತಿರಲಿಲ್ಲ. ಇಷ್ಟ ಸಣ್ಣ ಸುದ್ದಿ ತಿಳೀದ ಒಬ್ಬಾಂವ ಎರಡು ವರ್ಷ ಕಟ್ಟಿ ಮ್ಯಾಲೆ ಕಳದಾನ. ಕೇಳಿ ಕರಳು ಚುರ್ ಅಂತು.
ಒಂಬತ್ತಕ್ಕ ಬಿಟ್ಟಾಂವಗ ಎರಡು ದಾರಿ ಅದಾವ. ಐಟಿಐದಾಗ ವೆಲ್ಡರ್, ವೈರ್‌ಮನ್ ಅಂಥಾ ಟ್ರೇಡಿಗೆ ಎಂಟನೇತ್ತ ಪಾಸಾಗಿದ್ರ ನಡೀತೈತಿ. ವೆಲ್ಡರ್ ಒಂದು ವರ್ಷ, ವೈರ್‌ಮನ್ ಎರಡು. ಇನ್ನೊಂದು ಎನ್‌ಐಓಎಸ್ ಮುಕ್ತ ಶಾಲೆಯ ಹತ್ತನೇತ್ತ: 14 ತುಂಬಿರಬೇಕು, ಐದು ವಿಷಯ, ಐದು ವರ್ಷದಾಗ ಮುಗಿಸಿದ್ರಾತು. ದುಡಕೋತ ಬರೀಬಹುದು.
ಪಿಯುಸಿ ಬಿಟ್ಟ ಇಬ್ಬರಿಗೆ 18 ಆಗೈತಿ. ಒಬ್ಬನ ರೇಷನ್ ಕಾರ್ಡು ಇನ್ನೂ ಕಲಘಟಗಿ ಕಡೆ ಹಳ್ಯಾಗ ಐತಿ. ಅದು ಛಲೋನ ಆತು, ಆರ್‌ಸೆಟಿ ಅನ್ನೂ ಸ್ವಂತ ಉದ್ಯೋಗದ ತರಬೇತಿ ಕೇಂದ್ರ ಹಳ್ಳಿ ಹುಡುಗ್ರ ಸಲುವಾಗಿನ ಇರೂದು. 1982ರಾಗ ಉಜಿರೆಯೊಳಗ ಧರ್ಮಸ್ಥಳದವ್ರು ಎರಡು ಬ್ಯಾಂಕ್ ಕೂಡಿಸ್ಕೊಂಡು ರುಡ್‌ಸೆಟ್ ಶುರು ಮಾಡಿದ್ರಲ್ರಿ, ಅದ ಮಾದರಿ ಈಗ ಜಿಲ್ಲೆಗೊಂದು ಐತಿ. ಮೊಬೈಲ್ ರಿಪೇರಿ, ಮೋಟಾರ್ ರಿವೈಂಡಿಂಗ್ ಕಲಸ್ತಾರ. ಊಟ, ವಸ್ತಿ, ಕಲಿಸೂದು ಎಲ್ಲಾ ಪುಕ್ಕಟ.
ಐಟಿಐ ಅಡ್ಮಿಷನ್ ಹೊತ್ತು ಇದು. ತಪ್ಪಿದ್ರ ಒಂದು ವರ್ಷ ಹೋತು.

ಹೊಸ ಸದಸ್ಯ (ಮನೆ 41 ಸೇರಿಸಿದ್ದು):
ನಮಸ್ಕಾರ ಸರ. ನಾನು ಕಟ್ಟಿ ಮ್ಯಾಲೆ ಕೂಡಾಂವ. ವೆಲ್ಡರಿಗೆ ಹಾಕಬೇಕಂತ ಐತಿ, ಆದರ ಟಿಸಿ ಸಾಲ್ಯಾಗ ಐತಿ. ಫೀ ಬಾಕಿ ಅಂತ ಕೊಡವಲ್ರು. ಮತ್ತ ಹೋದ ವರ್ಷ ಕೆಲಸ ಕೊಡಸ್ತೀನಿ ಅಂತ ಒಬ್ಬ ಏಜೆಂಟ್ ನಮ್ಮವ್ವನ ಕಡೆ 8000 ಇಸ್ಕೊಂಡ, ಈಗ ಫೋನ್ ಎತ್ತಂಗಿಲ್ಲ. ಅದಕ್ಕ ಮನ್ಯಾಗ ಮತ್ತ ಯಾವುದಕ್ಕೂ ರೊಕ್ಕ ಕೊಡಾಕ ಹೆದರ್ತಾರ.
ಬೈಕ್ ಸೌಂಡ್ ಮಾಡಿದ್ದು ನಾವ. 17 ಮನಿ ಅಕ್ಕಾರ, ತಪ್ಪಾತ್ರಿ.

3ನೇ ಕ್ರಾಸ್, ಮನೆ 23:
ತಮ್ಮಾ, ಟಿಸಿ ವಿಷಯ ನನಗೆ ಬಿಡು. ನಾನು 31 ವರ್ಷ ಸಾಲ್ಯಾಗ ಕಲಿಸಿದಾಕಿ. ಮೊದಲು ಹೆಡ್‌ಮಾಸ್ತರ್ ಜೋಡಿ ಮಾತಾಡೋಣ. ಆಗಲಿಲ್ಲ ಅಂದರ ಶಿಕ್ಷಣ ಇಲಾಖೆಯ ಬಿಇಒ ಆಫೀಸಿಗೆ ಅರ್ಜಿ ಬರೆದು ನಾನೇ ನಿನ್ನ ಜೊತೆ ಬರ್ತೀನಿ. ಆ 8000ದ್ದು ಫೋನ್‌ಪೇ ಮಾಡಿದ್ದಾ, ಕೈಯಾಗ ಕೊಟ್ಟಿದ್ದಾ? ಸ್ಕ್ರೀನ್‌ಶಾಟ್ ಇದ್ದರೆ ಅಳಿಸಬೇಡ. ಕೆಲಸ ಕೊಡಸ್ತೀನಿ ಅಂತ ಮೊದಲೇ ರೊಕ್ಕ ಕೇಳಿದವರಿಗೆ ಇನ್ನು ಯಾರೂ ಒಂದು ರೂಪಾಯಿ ಕೊಡಬ್ಯಾಡ್ರಪ್ಪಾ.

5ನೇ ಕ್ರಾಸ್, ಮನೆ 30:
ಎಲ್ಲರೂ ಹುಡುಗರ ಬಗ್ಗೆನೇ ಮಾತಾಡ್ತಿದ್ದೀವಿ, ಅವರು ಕಟ್ಟೆ ಮೇಲೆ ಕಣ್ಣಿಗೆ ಬೀಳ್ತಾರೆ ಅಂತ. ಅದೇ ಓಣಿಯಲ್ಲಿ ಶಾಲೆ ಬಿಟ್ಟ ಹುಡುಗಿಯರೂ ಇದ್ದಾರೆ. ಮನೆಯೊಳಗೆ ತಮ್ಮಂದಿರನ್ನು ನೋಡ್ಕೊಂಡು, ನೀರು ತುಂಬ್ಕೊಂಡು ಇದ್ದಾರೆ, ಯಾರಿಗೂ ತೊಂದರೆ ಇಲ್ಲ ಅಂತ ಯಾರೂ ಕೇಳಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಮಗಳು ಹತ್ತನೇದರಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದಳು, ಈಗ ಮದುವೆ ಮಾತು ನಡೀತಿದೆ. ದಯವಿಟ್ಟು ಹೊಲಿಗೆ ಕ್ಲಾಸ್ ಅಂತ ನಾವೇ ತೀರ್ಮಾನ ಮಾಡೋದು ಬೇಡ. ಏನು ಬೇಕು ಅಂತ ಅವರನ್ನೇ ಕೇಳೋಣ.

2ನೇ ಕ್ರಾಸ್, ಮನೆ 41:
ವೈನಿ, ನೀವು ಹೇಳಿದ್ದು ನನ್ನ ತಲ್ಯಾಗ ಬಂದಿರಲೇ ಇಲ್ಲ. ತಪ್ಪು ನಂದ. ಆ ಓಣಿಗೆ ನೀವು ಮುಂದಾಗ್ರಿ, ನಾವು ಹಿಂದ ಬರ್ತೀವಿ.

1ನೇ ಕ್ರಾಸ್, ಮನೆ 12:
ನಾನು ಬ್ಯಾಂಕಿನಲ್ಲಿ ಇದ್ದೇನೆ. ಸಂಜೆ 7ರಿಂದ 8.30, ವಾರಕ್ಕೆ ನಾಲ್ಕು ದಿನ ಗಣಿತ ಹೇಳಿಕೊಡ್ತೀನಿ. ಸಂಘದ ರೂಮಿನ ಬೀಗ ಯಾರ ಹತ್ರ ಇದೆ?

4ನೇ ಕ್ರಾಸ್, ಮನೆ 17:
ನಮ್ಮ ಮನೇಲಿದೆ. ಅರ್ಜಿಯಲ್ಲಿ ಬೀದಿದೀಪದ್ದು ಮೊದಲು ಬರೆಸಿ, ಅದಕ್ಕೆ ಎಲ್ಲರೂ ಸಹಿ ಹಾಕಿ. ಬೀಗ ಬೆಳಿಗ್ಗೆ ಕೊಡ್ತೀನಿ.

2ನೇ ಕ್ರಾಸ್, ಮನೆ 41:
ನಾಳೆ ಮುಂಜಾನೆ 9ಕ್ಕ ಸಂಘದ ರೂಮಿಗೆ ಬರ್ರಿ. ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಆದಾಯ ಪ್ರಮಾಣಪತ್ರ ಇದ್ದಷ್ಟು ತರ್ರಿ. ಯಾವುದಿಲ್ಲೋ ಅದನ್ನ ಬರಕೊಂಡು ಒಂದೊಂದ ಮಾಡಿಸೋಣ. ಒಬ್ಬೊಬ್ಬರ ಜೋಡಿ ನಮ್ಮಾಗ ಒಬ್ಬರು ಕಚೇರಿ ಬಾಗಲತನಕ ಹೋಗಬೇಕು, ಬರೇ ನಂಬರ್ ಕೊಟ್ಟು ಕಳಸಬ್ಯಾಡ್ರಿ.

ಹೊಸ ಸದಸ್ಯ:
ಆರು ಮಂದಿ ಬರ್ತೀವಿ ಸರ. ಒಬ್ಬಾಂವ ಒಲ್ಲೆ ಅಂದ, ಮತ್ತ ಕೇಳ್ತೀನಿ. ನಮ್ಮ ಅಕ್ಕನ್ನೂ ಕರ್ಕೊಂಡ್ ಬರ್ಲಾ? ಆಕಿದೂ ಗಣಿತ ಉಳದೈತಿ.

5ನೇ ಕ್ರಾಸ್, ಮನೆ 30:
ಕರ್ಕೊಂಡು ಬಾ. ನಾನು 8.45ಕ್ಕೇ ಅಲ್ಲಿರ್ತೀನಿ ಅಂತ ಹೇಳು ಆಕೆಗೆ.