ಪದಚರ್ಚೆ: ವೀಡಿಯೋ ‘ಎಂಬೆಡ್’ ಮಾಡುವುದಕ್ಕೆ ‘ಹುದುಗಿಸು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಬ್ಲಾಗ್ ಬರಹದ ನಡುವೆ ಹಾಕಿದ ವೀಡಿಯೋ ಗೂಗಲ್ ಹುಡುಕಾಟದಲ್ಲಿ ಸಿಗಬೇಕಾದರೆ ಏನೇನು ಮಾಡಬೇಕೆಂದು ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಒಂದು ಕ್ರಿಯಾಪದದ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಿತ್ತು. ಜೊತೆಗೆ ಒಂದೆರಡು ಚಿಲ್ಲರೆ ಸಂಶಯಗಳೂ ಇವೆ.

‘ಎಂಬೆಡ್’ಗೆ, ಅಂದರೆ ಬೇರೆ ತಾಣದಲ್ಲಿರುವ ವೀಡಿಯೋ ನಮ್ಮ ಪುಟದಲ್ಲೇ ಓಡುವಂತೆ ಮಾಡುವುದಕ್ಕೆ, ‘ಹುದುಗಿಸು’ ಎಂದು ಬರೆಯುವವರಿದ್ದಾರೆ. ಆದರೆ ‘ಹುದುಗು’ ಎಂದರೆ ಒಳಸೇರು ಎಂದಷ್ಟೇ ಅಲ್ಲ, ಅಡಗು, ಮರೆಯಾಗು ಎಂದೂ ಅರ್ಥ. ನೆಲದಲ್ಲಿ ಹುದುಗಿದ ನಿಧಿ, ಮನಸ್ಸಿನಲ್ಲಿ ಹುದುಗಿದ ಆಸೆ ಎರಡೂ ಕಣ್ಣಿಗೆ ಕಾಣದಂಥವು. ಕೈಪಿಡಿಯ ಮೊದಲ ಸಲಹೆಯೋ ಇದಕ್ಕೆ ನೇರ ಎದುರು: ವೀಡಿಯೋ ಪುಟದಲ್ಲಿ ಎದ್ದು ಕಾಣಬೇಕು. 2023ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ವೀಡಿಯೋ ವಿಭಾಗದ ಫಲಿತಾಂಶಗಳನ್ನು ವೀಡಿಯೋವೇ ಪ್ರಧಾನವಾಗಿರುವ ಪುಟಗಳಿಗೆ ಸೀಮಿತಗೊಳಿಸಿತು. ಉದ್ದನೆಯ ಲೇಖನದ ಬಾಲಕ್ಕೆ ‘ಇದನ್ನೂ ನೋಡಿ’ ಎಂದು ಅಂಟಿಸಿದ ವೀಡಿಯೋಗೆ ಅಲ್ಲಿ ಜಾಗವಿಲ್ಲ. ಹೀಗಿರುವಾಗ ‘ವೀಡಿಯೋ ಹುದುಗಿಸಿ, ಆದರೆ ಅದು ಹುದುಗಿರಬಾರದು’ ಎಂದು ಬರೆದರೆ ಓದುವವರು ನಗುತ್ತಾರೆ.

ನಿಜಕ್ಕೂ ಹುದುಗಿ ಹೋಗುವ ವೀಡಿಯೋಗಳೂ ಇವೆ. ಪುಟ ಬೇಗ ತೆರೆಯಲಿ ಎಂದು ಕೆಲವರು ಮೊದಲಿಗೆ ಬರೀ ಒಂದು ಚಿತ್ರವಿಟ್ಟು, ಅದನ್ನು ಒತ್ತಿದ ಮೇಲಷ್ಟೇ ಐಫ್ರೇಮ್ (ಪ್ಲೇಯರನ್ನು ನಮ್ಮ ಪುಟದೊಳಗೆ ತೋರಿಸುವ ಚೌಕಟ್ಟು) ಬರುವಂತೆ ಮಾಡುತ್ತಾರೆ. ವೇಗಕ್ಕೇನೋ ಒಳ್ಳೆಯದೇ. ಆದರೆ ಹುಡುಕಾಟಕ್ಕಾಗಿ ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ತಂತ್ರಾಂಶ, ಗೂಗಲ್‌ಬಾಟ್, ಏನನ್ನೂ ಒತ್ತುವುದಿಲ್ಲ. ಒತ್ತಿದರೆ ಮಾತ್ರ ಬರುವ ಐಫ್ರೇಮ್ ಅದರ ಪಾಲಿಗೆ ಇಲ್ಲದ್ದೇ. ‘ಹುದುಗಿದ ವೀಡಿಯೋ’ ಎಂಬ ಮಾತನ್ನು ಈ ದೋಷಕ್ಕೇ ಮೀಸಲಿಡೋಣ ಎನ್ನುವುದು ನನ್ನ ಆಸೆ.

ಹಾಗಾದರೆ ‘ಎಂಬೆಡ್’ಗೆ ಏನು? ‘ಸೇರಿಸು’ ಸರಳವಾಗಿದೆ, ಆದರೆ ಅಪ್‌ಲೋಡ್ ಮಾಡುವುದನ್ನೂ ಜನ ‘ಸೇರಿಸು’ ಎಂದೇ ಹೇಳುತ್ತಾರೆ. ಇಲ್ಲಿ ಆ ವ್ಯತ್ಯಾಸ ಮುಖ್ಯ. ಯೂಟ್ಯೂಬ್‌ನ ವೀಡಿಯೋ ನಮ್ಮ ಪುಟದಲ್ಲಿ ಓಡುತ್ತಿದ್ದರೂ ಕಡತ ಅಲ್ಲೇ ಇರುತ್ತದೆ; ನಾವು ನಮ್ಮ ಗೋಡೆಯಲ್ಲಿ ಪಕ್ಕದ ಮನೆಗೆ ಕಿಟಕಿ ತೆಗೆದಿರುತ್ತೇವೆ, ಅಷ್ಟೇ. ಹಾಗಾಗಿಯೇ ನಮ್ಮ ಪುಟವೂ ಯೂಟ್ಯೂಬ್‌ನ ಪುಟವೂ ಒಂದೇ ವೀಡಿಯೋಗೆ ಬೇರೆ ಬೇರೆಯಾಗಿ ಗೂಗಲ್‌ನ ಸೂಚಿಗೆ ಸೇರಬಹುದು. ಪುಟದಲ್ಲಿ ಏನಿದೆ ಎಂದು ಹುಡುಕುಯಂತ್ರಗಳಿಗೆ ತಿಳಿಸಲು ಬಳಸುವ ನಮೂನೆ ಸ್ಕೀಮಾ.ಆರ್ಗ್. ಅದರಲ್ಲಿ ವೀಡಿಯೋಗಳಿಗಾಗಿ ಇರುವ ‘ವೀಡಿಯೋಆಬ್ಜೆಕ್ಟ್’ ವಿವರಪಟ್ಟಿಯಲ್ಲಿ ಈ ಭೇದಕ್ಕೆ ಎರಡು ಪ್ರತ್ಯೇಕ ಅಂಕಣಗಳೇ ಇವೆ: ‘ಕಂಟೆಂಟ್‌ಯುಆರ್‌ಎಲ್’ ಎನ್ನುವುದು ವೀಡಿಯೋ ಕಡತದ ವಿಳಾಸ, ‘ಎಂಬೆಡ್‌ಯುಆರ್‌ಎಲ್’ ಎನ್ನುವುದು ಅದನ್ನು ಓಡಿಸುವ ಪ್ಲೇಯರ್‌ನ ವಿಳಾಸ. ಕನ್ನಡದಲ್ಲಿ ಎರಡನ್ನೂ ‘ವೀಡಿಯೋ ವಿಳಾಸ’ ಎಂದುಬಿಟ್ಟರೆ ಓದಿದವರು ಎರಡೂ ಕಡೆ ಬ್ರೌಸರ್‌ನ ಮೇಲ್ಪಟ್ಟಿಯಲ್ಲಿ ಕಾಣುವ ವಿಳಾಸವನ್ನೇ ತಂದು ಅಂಟಿಸುತ್ತಾರೆ. ಅದು ಕಡತವೂ ಅಲ್ಲ, ಪ್ಲೇಯರೂ ಅಲ್ಲ. ಸದ್ಯಕ್ಕೆ ನಾನು ‘ಕಡತದ ವಿಳಾಸ’, ‘ಪ್ಲೇಯರ್ ವಿಳಾಸ’ ಎಂದು ಬರೆದಿದ್ದೇನೆ.

ಕ್ರಿಯಾಪದಕ್ಕೆ ‘ಅಳವಡಿಸು’ ಕಡೆಗೆ ನನ್ನ ಒಲವು. ‘ಪುಟದ ಮೇಲ್ಭಾಗದಲ್ಲೇ ವೀಡಿಯೋ ಅಳವಡಿಸಿ’ ಎಂದರೆ ಕಿವಿಗೆ ಒರಟೆನಿಸುವುದಿಲ್ಲ.

ಇನ್ನು ‘ಥಂಬ್‌ನೇಲ್’, ಅಂದರೆ ವೀಡಿಯೋ ಓಡುವ ಮುನ್ನ ಅದರ ಗುರುತಾಗಿ ಕಾಣುವ ಪುಟ್ಟ ಚಿತ್ರ. ಗೂಗಲ್ ‘ವೀಡಿಯೋಆಬ್ಜೆಕ್ಟ್’ ವಿವರಪಟ್ಟಿಯಲ್ಲಿ ಕಡ್ಡಾಯವಾಗಿ ಕೇಳುವುದು ಮೂರೇ: ಹೆಸರು, ಥಂಬ್‌ನೇಲ್‌ನ ವಿಳಾಸ, ಪ್ರಕಟಿಸಿದ ದಿನಾಂಕ. ಥಂಬ್‌ನೇಲ್‌ಗೆ ‘ಕಿರುಚಿತ್ರ’ ಎಂದು ಬರೆಯುವವರನ್ನು ಕಂಡಿದ್ದೇನೆ. ಬೇರೆಲ್ಲೋ ನಡೆದೀತು, ವೀಡಿಯೋ ವಿಷಯದಲ್ಲಂತೂ ಬೇಡವೇ ಬೇಡ. ‘ಪ್ರತಿ ವೀಡಿಯೋಗೂ ಒಂದು ಕಿರುಚಿತ್ರ ಕಡ್ಡಾಯ’ ಎಂದು ಓದಿದವನು ಕ್ಯಾಮೆರಾ ಹಿಡಿದು ಹೊರಟರೆ ತಪ್ಪು ಅವನದಲ್ಲ. ‘ಮುಖಚಿತ್ರ’ ಹೊಂದುತ್ತದೆ ಅನಿಸಿತ್ತು, ಆದರೆ ವೀಡಿಯೋ ಮಾಡುವವರ ಬಾಯಲ್ಲಿ ‘ಥಂಬ್‌ನೇಲ್’ ಆಗಲೇ ಕನ್ನಡವಾಗಿದೆ. ಹಾಗೇ ಬಿಡುವುದು ವಾಸಿ.

‘ಟ್ರಾನ್ಸ್‌ಕ್ರಿಪ್ಟ್’ ಮಾತ್ರ ಬಗೆಹರಿದಿಲ್ಲ. ವೀಡಿಯೋದಲ್ಲಿ ಆಡಿದ ಮಾತನ್ನೆಲ್ಲ ಅದರ ಕೆಳಗೇ ಬರಹದಲ್ಲಿ ಕೊಟ್ಟರೆ ಹುಡುಕುಯಂತ್ರಕ್ಕೂ ಓದಲು ಏನಾದರೂ ಸಿಗುತ್ತದೆ, ಕಿವಿ ಕೇಳದವರಿಗೂ ಅನುಕೂಲ. ಇದನ್ನು ‘ಲಿಪ್ಯಂತರ’ ಎನ್ನುವುದು ಸರಿಯಲ್ಲ. ಅದು ಒಂದು ಲಿಪಿಯಿಂದ ಇನ್ನೊಂದಕ್ಕೆ ಬರೆಯುವ ಕೆಲಸ. ಹಾಗೆ ಸೂಚಿಸಿದರೆ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಡುವವರೂ ಹುಟ್ಟಿಕೊಂಡಾರು. ‘ಮಾತಿನ ಬರಹರೂಪ’ ಅರ್ಥವಾಗುತ್ತದೆ, ಆದರೆ ಗುಂಡಿಯ ಮೇಲೆ ಹಾಕಲು ಉದ್ದವಾಯಿತು. ‘ಮಾತುಬರಹ’ ಎಂದು ಕೂಡಿಸಿದರೆ ಹೇಗೆ? ಪರದೆಯ ಕೆಳಗೆ ಓಡುವ ಸಾಲುಗಳಿಗೆ ‘ಅಡಿಬರಹ’ ಇದ್ದೇ ಇದೆ, ಅದನ್ನು ಕೆದಕುವುದಿಲ್ಲ.

ತಂತ್ರಾಂಶಗಳ ಕನ್ನಡೀಕರಣದಲ್ಲಿ ಕೈಯಾಡಿಸಿದವರು ‘ಅಳವಡಿಸು’ ಬಗ್ಗೆ ಏನನ್ನುತ್ತೀರಿ? ನನ್ನದೊಂದೇ ಅಳುಕು: ಮೇಲೆ ಹೇಳಿದ ವಿವರಪಟ್ಟಿಯನ್ನು ಪುಟಕ್ಕೆ ಹಾಕಿ ಎನ್ನುವುದಕ್ಕೆ ‘ಸ್ಕೀಮಾ ಅಳವಡಿಸಿ’ ಎಂದೂ ಕೈಪಿಡಿಯ ಅದೇ ಪುಟದಲ್ಲಿ ಬರೆದಿದ್ದೇನೆ. ಒಂದೇ ಕ್ರಿಯಾಪದ ಎರಡು ಬೇರೆ ಕೆಲಸಗಳಿಗೆ ಬಂದರೆ ಗೊಂದಲವಾದೀತೇ? ಆ ಎರಡನೆಯ ಕಡೆ ‘ಸ್ಕೀಮಾ ಬರೆಯಿರಿ’ ಎಂದರೆ ಸಾಕೇ?