ಎರಡು ಎಕರೆ ಜಾಗ, ಮೂವರ ಪಾಲು: ಮುಂಗಡ ಕೊಡಬಹುದೇ?

ಪ್ರಶ್ನೆ (ಕುಮಟೆಯ ಶಿಕ್ಷಕ): ವಕೀಲರಿಗೆ ನಮಸ್ಕಾರ. ನನ್ನ ಬಳಿ 10 ಲಕ್ಷ ರೂಪಾಯಿ ಉಳಿತಾಯವಿದೆ. ಸಹೋದ್ಯೋಗಿ ಹಾಗೂ ಅವರ ಬಾವ ಶಿರಸಿ ಸಮೀಪ ಎರಡು ಎಕರೆ ಜಾಗ ನೋಡಿದ್ದಾರೆ. ಯಜಮಾನರು ಮಾರುವುದಿಲ್ಲ, ನಾವು ಮೂವರು ಖರ್ಚು ಹಾಕಿ ನಿವೇಶನ ಮಾಡಿಸಿದರೆ ಅರ್ಧ ಅವರಿಗೆ, ಅರ್ಧ ನಮಗೆ ಎನ್ನುತ್ತಾರೆ. ಈ ವಾರವೇ 3 ಲಕ್ಷ ಮುಂಗಡ ಬೇಕಂತೆ. ನೂರು ರೂಪಾಯಿ ಛಾಪಾ ಕಾಗದದ ಕರಾರು ಸಾಕೇ?

ಉತ್ತರ (ಶಿರಸಿಯ ವಕೀಲ): ಸಾಲದು ಮಾಸ್ತರೇ. ಈ ವಾರ ಕಾಸೂ ಬಿಚ್ಚಬೇಡಿ, ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರಾಗಿ ಯಾರ ಯಾರ ಹೆಸರಿದೆ, 11ರಲ್ಲಿ ಸೊಸೈಟಿ ಸಾಲದ ಬೋಜಾ (ಹೊರೆ) ಇದೆಯೇ ನೋಡಿ.

ನಮ್ಮ ಘಟ್ಟದ ಮೇಲೆ ಇನ್ನೊಂದು ತೊಡಕಿದೆ: ಸೊಪ್ಪಿನ ಬೆಟ್ಟ. ಹಿಂದೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಬಿಟ್ಟುಕೊಡುತ್ತಿದ್ದರು. ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತಷ್ಟೇ ತೋಟದವರದು; ನೆಲ ಸರಕಾರದ್ದು. ನನ್ನ ಮೇಜಿಗೆ ಬಂದ ಒಂದು ಕಡತದಲ್ಲಿ ಬಾಯಿಮಾತು ಎರಡು ಎಕರೆ, ಮಾಲ್ಕಿ (ಸ್ವಂತ ಹಕ್ಕಿನ) ಜಾಗ 26 ಗುಂಟೆ. ಉಳಿದದ್ದೆಲ್ಲ ಬೆಟ್ಟ! ದಣಪೆ (ಬೇಲಿಯ ಬಾಗಿಲು) ದಾಟಿ ಒಳಗೆ ಹೋಗಿ ಕೈ ಚಾಚಿ ತೋರಿಸುವಾಗ ಎಲ್ಲವೂ ಒಂದೇ ಹಸಿರು.

ಮಾಲ್ಕಿ ಜಾಗವೇ ಆದರೆ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಬೇಕು, ವಿನ್ಯಾಸ ನಕ್ಷೆಗೆ ಮಂಜೂರಾತಿ ಬೇಕು. 500 ಚದರ ಮೀಟರ್ ಮೀರಿದರೆ, ಅಂದರೆ ಸುಮಾರು ಐದು ಗುಂಟೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಗೆ ಮುಂಚೆ ಒಂದು ನಿವೇಶನವನ್ನೂ ಮಾರುವಂತಿಲ್ಲ, ಜಾಹೀರಾತನ್ನೂ ಹಾಕುವಂತಿಲ್ಲ. ಯಜಮಾನರೊಂದಿಗಿನ ಜಂಟಿ ಅಭಿವೃದ್ಧಿ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ‘ಅರ್ಧ’ ಎಂದು ಬರೆದರೆ ಜಗಳ ಖಾತ್ರಿ; ರಸ್ತೆ ಬದಿಯ ನಿವೇಶನ ಯಾರಿಗೆ ಎಂಬುದು ನಕ್ಷೆಯಲ್ಲೇ ಗುರುತಾಗಲಿ.

ನಿಮ್ಮ ಮೂವರ ನಡುವೆ ಬೇರೆಯೇ ಪತ್ರ ಬೇಕು. ಯಾರದು ಎಷ್ಟು ಬಂಡವಾಳ, ಖರ್ಚು ಹೆಚ್ಚಾದರೆ ಯಾರು ಹಾಕುವುದು, ಒಬ್ಬ ನಡುವೆ ಬಿಟ್ಟರೆ ಅವನ ಹಣ ಯಾವಾಗ ವಾಪಸು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆ ನೋಂದಣಿಯಾಗದಿದ್ದರೆ, ಕರಾರಿನ ಹಕ್ಕು ಜಾರಿ ಮಾಡಿಸಲು ಪಾಲುದಾರನ ಮೇಲೆ ದಾವೆ ಹೂಡಲು ಬರುವುದಿಲ್ಲ. ಪಾಲುದಾರಿಕೆ ಮುರಿದು ಲೆಕ್ಕ ಕೇಳಬಹುದಷ್ಟೇ. ಮುಂಗಡ ಕೊಡುವ ದಿನ ಬಂದರೂ ಬ್ಯಾಂಕಿನ ಮೂಲಕವೇ ಕೊಡಿ. 20,000 ಅಥವಾ ಅದಕ್ಕೂ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾಯ್ದೆ ಬಿಡುವುದಿಲ್ಲ.

ಪ್ರಶ್ನೆ (ಕಾರವಾರದ ಗುತ್ತಿಗೆದಾರ): ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಅಘನಾಶಿನಿ ಹೊಳೆ ದಂಡೆಯ ಗಜನಿ (ಉಪ್ಪು ನೀರಿನ ಗದ್ದೆ) ಪಕ್ಕ ಜಾಗ ಬಂದಿದೆ. ಸಮುದ್ರ ದೂರವಿದೆ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ಭಯವಿಲ್ಲವಲ್ಲ?

ಉತ್ತರ: ಇದೆ. ಉಬ್ಬರದ ನೀರು ಏರುವ ಹೊಳೆಗೂ ಆ ನಿಯಮ ಅನ್ವಯಿಸುತ್ತದೆ. ಗಜನಿಗೆ ಉಪ್ಪು ನೀರು ನುಗ್ಗುವುದನ್ನು ನೀವೇ ಕಂಡಿರುತ್ತೀರಿ. ಸರ್ವೆ ನಂಬರ್ ಹಿಡಿದು ಕರಾವಳಿ ವಲಯದ ನಕ್ಷೆ ನೋಡಿಸಿ.

ಶಿಕ್ಷಕ (ಎರಡು ದಿನಗಳ ನಂತರ): ಪಹಣಿ ಸಿಕ್ಕಿತು. ಮಾಲ್ಕಿ 1 ಎಕರೆ 12 ಗುಂಟೆ. 9ನೇ ಕಾಲಂನಲ್ಲಿ ನಾಲ್ಕು ಹೆಸರು. ಒಬ್ಬ ತಂಗಿ ಮುಂಬೈಯಲ್ಲಿದ್ದಾರೆ. ಅವರು ಹಕ್ಕು ಬಿಟ್ಟಿದ್ದಾರೆ ಎನ್ನುತ್ತಾರೆ ಯಜಮಾನರು.

ಉತ್ತರ: ಬಾಯಿಮಾತಿನಲ್ಲಿ ಬಿಟ್ಟರೆ ಬಿಟ್ಟಂತಾಗುವುದಿಲ್ಲ. ನೋಂದಣಿಯಾದ ಹಕ್ಕುಬಿಡುಗಡೆ ಪತ್ರ ತೋರಿಸಲಿ, ಇಲ್ಲವಾದರೆ ಆ ತಂಗಿಯೂ ಕರಾರಿಗೆ ಸಹಿ ಹಾಕಲಿ. ಪಹಣಿಯ ಜೊತೆ ಮ್ಯುಟೇಷನ್ (ಹಕ್ಕು ಬದಲಾವಣೆ ದಾಖಲೆ) ಪ್ರತಿಯನ್ನೂ ಹಿಡಿದುಕೊಂಡು ಶನಿವಾರ ಸಂಜೆ ಬನ್ನಿ. ನಿಮ್ಮ ಸಹೋದ್ಯೋಗಿಯ ಬಾವನನ್ನೂ ಕರೆತನ್ನಿ. ಅವಸರ ಅವರದ್ದೇ ಇದ್ದಂತಿದೆ.