ಹೊಸದಾಗಿ ತಂದ ಸಿಗಾರ್ ಮೇಲೆ ಬಿಳಿ ಚುಕ್ಕೆ, ಒಂದರ ತುದಿಯಲ್ಲಿ ಹಸಿರು: ಉಳಿಸಬಹುದಾ?

ಬಸವನಗುಡಿ ಹೊಸಬ:
ಹತ್ತು ಸಿಗಾರ್ ತಂದು ಆರು ದಿನ ಆಯ್ತು. ಏಳು ಬಿಡಿ, ಮೂರು ಅಲ್ಯೂಮಿನಿಯಂ ಟ್ಯೂಬಿನವು. ಮರದ ಹ್ಯೂಮಿಡಾರಿನಲ್ಲಿ (ಸಿಗಾರಿನ ತೇವ ಕಾಪಾಡೋ ಪೆಟ್ಟಿಗೆ) ಮೊದಲೇ ಎಂಟು ಹಳೇವು ಇದ್ದವು, ಅವುಗಳ ಜೊತೆಗೇ ಇಟ್ಟೆ. ಪೆಟ್ಟಿಗೆ ಜೊತೆ ಬಂದ ಸ್ಪಂಜಿಗೆ ಆರ್‌ಓ ನೀರು ಹಾಕಿದ್ದೇನೆ. ಡಿಜಿಟಲ್ ಮೀಟರ್ ತೇವ 74 ಶೇಕಡಾ ಅಂತ ತೋರಿಸ್ತಾ ಇದೆ, ಉಷ್ಣಾಂಶ 25 ಡಿಗ್ರಿ. ಮಳೆ ಶುರುವಾದ ಮೇಲೆ ಕಿಟಕಿ ತೆಗೆದಿಲ್ಲ.
ಇವತ್ತು ನೋಡಿದರೆ ಹೊಸ ನಾಲ್ಕರ ಮೇಲೆ ಬಿಳಿ ಚುಕ್ಕೆ. ಟ್ಯೂಬಿನ ಒಂದರಲ್ಲಿ ಬೆಂಕಿ ಹಚ್ಚೋ ತುದಿ ಹಸಿರಿಗೆ ತಿರುಗಿದೆ. ಅಂಗಡಿಯವರನ್ನ ಕೇಳಿದರೆ "ಅದು ಎಲೆಯ ಎಣ್ಣೆ ಹೊರಗೆ ಬಂದಿರೋದು, ಒಳ್ಳೇ ಮಾಲಿನ ಲಕ್ಷಣ" ಅಂದರು. ಒರೆಸಿ ಇಟ್ಟುಕೊಳ್ಳಲಾ, ಎಸೆಯಲಾ?

ತೇವಮಾಪಕ:
ಒರೆಸೋದಕ್ಕೆ ಮುಂಚೆ ಬೆಳಕಿನಲ್ಲಿ ಹತ್ತಿರದಿಂದ ಫೋಟೋ ತೆಗೆದುಕೊಳ್ಳಿ, ಬಿಲ್ಲೂ ಪಕ್ಕದಲ್ಲಿ ಕಾಣೋ ಹಾಗೆ. ಒರೆಸಿದ ಮೇಲೆ ಅಂಗಡಿಗೆ ತೋರಿಸೋದಕ್ಕೆ ಏನೂ ಉಳಿಯಲ್ಲ. ಆಮೇಲೆ ಹೊಸ ಹತ್ತನ್ನೂ ಈಗಲೇ ಹೊರಗೆ ತೆಗೆದು ಬೇರೆ ಡಬ್ಬಿಗೆ ಹಾಕಿ, ಚುಕ್ಕೆ ಕಾಣದವನ್ನೂ ಸೇರಿಸಿ.

ಎಣ್ಣೆಯ ಮಾತು ಬಹಳ ಹಳೇದು. "ಪ್ಲೂಮ್" ಅಂತ ಹೆಸರಿಟ್ಟು ಮಾರುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅಂಥ ಬಿಳಿಯಲ್ಲಿ ಸಿಗೋದು ಬೂಷ್ಟಿನ ಎಳೆಗಳೇ. ಮನೆಯಲ್ಲೇ ನೋಡಬೇಕಾದರೆ ಹತ್ತು ಪಟ್ಟು ಹಿಗ್ಗಿಸೋ ಮಸೂರ ಸಾಕು. ಚುಕ್ಕೆ ದುಂಡಗಿದ್ದು, ಎಲೆಯಿಂದ ಮೇಲೆದ್ದು, ಹತ್ತಿಯ ಎಳೆ ಥರ ಕಂಡರೆ ಬೂಷ್ಟು. ಹಸಿರು, ನೀಲಿ, ಕಪ್ಪು ಯಾವುದೇ ಇದ್ದರೂ ಅನುಮಾನವೇ ಬೇಡ.

ನಿಜವಾಗಿ ನೋಡಬೇಕಾದ ಜಾಗ ಬೆಂಕಿ ಹಚ್ಚೋ ತುದಿ. ಹೊರ ಎಲೆಯ ಮೇಲಿರೋದು ಹೆಚ್ಚಾಗಿ ಮೇಲ್ಮೈಗಷ್ಟೇ ಸೀಮಿತ. ಆದರೆ ತುದಿಯಲ್ಲಿ ಒಳಗಿನ ಎಲೆಗಳು ಬಾಯಿಬಿಟ್ಟುಕೊಂಡಿರುತ್ತವೆ, ಅವುಗಳ ಸಂದಿಯಲ್ಲಿ ಬೆಳೆದರೆ ಉದ್ದಕ್ಕೂ ಒಳಗೆ ಹೋಗಿರುತ್ತೆ. ಅದನ್ನ ಯಾವ ಬಟ್ಟೆಯೂ ಮುಟ್ಟಲ್ಲ. ಟ್ಯೂಬಿನದನ್ನ ತುದಿಯಿಂದ ಒಂದು ಸೆಂಟಿಮೀಟರ್ ಕತ್ತರಿಸಿ ನೋಡಿ. ಒಳಗೂ ಹಸಿರು ಅಥವಾ ಬೂದು ಬಣ್ಣ ಇದ್ದರೆ, ಮುಗ್ಗಲು ವಾಸನೆ ಬಂದರೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆಯಿರಿ.

ಬಿಳಿ ಚುಕ್ಕೆಯ ನಾಲ್ಕನ್ನ ಹೀಗೆ ಮಾಡಿ. ಬಾಲ್ಕನಿಗೆ ತೆಗೆದುಕೊಂಡು ಹೋಗಿ, ಮಾಸ್ಕ್ ಹಾಕಿ. ಒಣಗಿದ ಮೆತ್ತನೆ ಹತ್ತಿ ಬಟ್ಟೆಯಿಂದ ಬಾಯಿಗಿಡೋ ತುದಿಯಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ, ಪ್ರತಿ ಸಿಗಾರಿಗೂ ಬಟ್ಟೆಯ ಹೊಸ ಭಾಗ. ಬ್ರಷ್ ಬೇಡ, ಬೀಜಕಣ ಗಾಳಿಗೆ ಹಾರಿ ಮೂಗಿಗೇ ಬರುತ್ತೆ. ಮನೆಯಲ್ಲಿ ಆಸ್ತಮಾ ಅಥವಾ ಅಲರ್ಜಿ ಇರುವವರು ಇದ್ದರೆ ಈ ಕೆಲಸವೇ ಬೇಡ, ನಾಲ್ಕನ್ನೂ ಬಿಟ್ಟುಬಿಡಿ. ಒರೆಸಿದ ಮೇಲೆ ಎಲೆಯ ಮೇಲೆ ಕಲೆ ಉಳಿದಿದೆಯಾ, ಎಲೆ ಸಿಪ್ಪೆ ಥರ ಎದ್ದಿದೆಯಾ ನೋಡಿ. ಉಳಿದಿದ್ದರೆ ಅದೂ ಹೋಗಲಿ.

ಸೀಡರ್ ಪೆಟ್ಟಿಗೆ:
ಮೇಲಿನವರು ಹೇಳಿದ್ದೆಲ್ಲ ಸರಿ, ಒಂದು ಸೇರಿಸ್ತೀನಿ. ಒರೆಸಿದ್ದನ್ನ ತಕ್ಷಣ ಹ್ಯೂಮಿಡಾರಿಗೆ ವಾಪಸ್ ಇಡಬೇಡಿ. 62ರ ಬೋವೆಡಾ ಪೊಟ್ಟಣ (ತೇವವನ್ನ 62 ಶೇಕಡಾದಲ್ಲೇ ಹಿಡಿದಿಡೋ ಪೊಟ್ಟಣ) ಇರೋ ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಬೇರೆಯೇ ಇರಲಿ. 60 ಗ್ರಾಂ ಪೊಟ್ಟಣ ಒಂದು ಇಪ್ಪತ್ತೈದು ಸಿಗಾರಿಗೆ ಸಾಕು. ಮೂರು ದಿನಕ್ಕೊಮ್ಮೆ ತುದಿ ನೋಡಿ. ಚುಕ್ಕೆ ಮತ್ತೆ ಬಂದರೆ ಬೂಷ್ಟು ಎಲೆಯೊಳಗೆ ಇದೆ ಅಂತ ಅರ್ಥ, ಇನ್ನೊಂದು ಸಲ ಒರೆಸೋದು ವ್ಯರ್ಥ.

ಕೆಲವರು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆ ಅದ್ದಿ ಸಿಗಾರನ್ನೇ ಒರೆಸೋಕೆ ಹೇಳ್ತಾರೆ. ನನಗೆ ಸರಿ ಅನಿಸಲ್ಲ. ಹೊರ ಎಲೆ ತೆಳು, ಕಲೆಯಾಗುತ್ತೆ, ಅಂಟು ಬಿಡುತ್ತೆ. ಅದನ್ನ ಪೆಟ್ಟಿಗೆಗೆ ಬಳಸಿ. 70 ಶೇಕಡಾದ್ದು ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ, 99ರದ್ದು ಬೇಡ, ಕೆಲಸ ಮಾಡೋ ಮುಂಚೆಯೇ ಆವಿಯಾಗುತ್ತೆ. ಬಟ್ಟೆ ತೊಟ್ಟಿಕ್ಕಬಾರದು, ತೇವ ಮಾತ್ರ. ಒಳಗಿನ ಮರ, ತಟ್ಟೆಯ ಕೆಳಗೆ, ಮುಚ್ಚಳದ ಮೂಲೆ ಒರೆಸಿ ಮುಚ್ಚಳ ತೆಗೆದೇ ಎರಡು ದಿನ ಒಣಗಿಸಿ. ಹತ್ತಿರ ದೀಪ, ಊದುಬತ್ತಿ, ಸ್ಟೌ ಯಾವುದೂ ಬೇಡ. ಆಲ್ಕೊಹಾಲಿನ ವಾಸನೆ ಪೂರ್ತಿ ಹೋಗೋವರೆಗೆ ಏನನ್ನೂ ಇಡಬೇಡಿ. ಸೋಪು, ಬ್ಲೀಚ್ ಅಂತೂ ಬೇಡವೇ ಬೇಡ, ಮರ ಅದನ್ನ ಹೀರಿಕೊಂಡು ವರ್ಷಗಟ್ಟಲೆ ಸಿಗಾರಿಗೆ ಬಿಡುತ್ತೆ.

ಆ ಸ್ಪಂಜನ್ನ ಎಸೆದುಬಿಡಿ. ಬೂಷ್ಟಿಗೆ ಅದಕ್ಕಿಂತ ಒಳ್ಳೇ ಮನೆ ಇಲ್ಲ. ಆರ್‌ಓ ನೀರು ಡಿಸ್ಟಿಲ್ಡ್ ನೀರಲ್ಲ, ಅದರಲ್ಲಿ ಲವಣ ಉಳಿದಿರುತ್ತೆ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೂ ಹೆಚ್ಚು. ಲವಣ ಸ್ಪಂಜಿನ ರಂಧ್ರ ಕಟ್ಟಿಸುತ್ತೆ. ಅದಕ್ಕಿಂತ ಮುಖ್ಯ ವಿಷಯ: ಸ್ಪಂಜಿಗೆ ತೇವ ಕೊಡೋದು ಮಾತ್ರ ಗೊತ್ತು, ವಾಪಸ್ ತೆಗೆದುಕೊಳ್ಳೋದು ಗೊತ್ತಿಲ್ಲ. ಆಗಸ್ಟಿನಲ್ಲಿ ಬೆಂಗಳೂರಿನ ಬೆಳಗಿನ ಗಾಳಿಯಲ್ಲೇ 85ಕ್ಕಿಂತ ಹೆಚ್ಚು ತೇವ ಇರುತ್ತೆ. ಮುಚ್ಚಳ ತೆಗೆದಾಗಲೆಲ್ಲ ಹೊರಗಿನ ತೇವ ಒಳಗೆ, ಒಳಗೆ ಸ್ಪಂಜಿನ ತೇವ ಬೇರೆ. ಬೋವೆಡಾ ಥರದ ಪೊಟ್ಟಣ ಎರಡೂ ಕಡೆ ಕೆಲಸ ಮಾಡುತ್ತೆ, ಹೆಚ್ಚಾದರೆ ಹೀರುತ್ತೆ, ಕಡಿಮೆಯಾದರೆ ಬಿಡುತ್ತೆ. ಪೊಟ್ಟಣ ಹಾಕಿದ ಮೇಲೆ ಯಾವ ಕಾರಣಕ್ಕೂ ನೀರು ಹಾಕಬೇಡಿ.

ತೇವಮಾಪಕ:
74 ಅಂತ ಮೀಟರ್ ಹೇಳಿದ್ದನ್ನ ನಂಬೋ ಮುಂಚೆ ಉಪ್ಪಿನ ಪರೀಕ್ಷೆ ಮಾಡಿ. ನೀರಿನ ಬಾಟಲಿಯ ಮುಚ್ಚಳಕ್ಕೆ ಪುಡಿ ಉಪ್ಪು ತುಂಬಿ, ಹನಿಹನಿಯಾಗಿ ನೀರು ಹಾಕಿ. ಒದ್ದೆ ಮರಳಿನಷ್ಟು ಆಗಬೇಕು, ಕರಗಿ ನೀರಾದರೆ ಹೆಚ್ಚಾಯ್ತು. ಮುಚ್ಚಳ, ಮೀಟರ್ ಎರಡನ್ನೂ ಜಿಪ್ ಕವರಿನಲ್ಲಿಟ್ಟು, ಒಂದನ್ನೊಂದು ತಾಗದ ಹಾಗೆ, ಒಳಗೆ ಸ್ವಲ್ಪ ಗಾಳಿ ಉಳಿಯೋ ಹಾಗೆ ಮುಚ್ಚಿ. 24 ಗಂಟೆ ಬಿಟ್ಟು ಕವರ್ ತೆಗೆಯದೆ ಓದಿ. 75 ಬರಬೇಕು. ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನ ಆಮೇಲೆ ಪ್ರತಿ ಓದಿಗೂ ಕೂಡಿಸಿ ಅಥವಾ ಕಳೆಯಿರಿ. ಫ್ಯಾನಿನ ಕೆಳಗೆ ಬೇಡ, ಬಿಸಿಲಿಗೂ ಬೇಡ.

ಬಸವನಗುಡಿ ಹೊಸಬ:
ಉಪ್ಪಿನ ಪರೀಕ್ಷೆ ಆಯ್ತು. ಮೀಟರ್ 70 ತೋರಿಸಿತು. ಅಂದರೆ 5 ಕಡಿಮೆ, ಪೆಟ್ಟಿಗೆಯಲ್ಲಿ ನಿಜಕ್ಕೂ 79 ಇತ್ತು. ಟ್ಯೂಬಿನದನ್ನ ಕತ್ತರಿಸಿದೆ, ಒಂದು ಸೆಂಟಿಮೀಟರ್ ಒಳಗೂ ಬೂದು. ಎಸೆದೆ. ಬಿಳಿ ನಾಲ್ಕರಲ್ಲಿ ಮೂರು ಕಲೆಯಿಲ್ಲದೆ ಒರೆಸಿಹೋದವು, ಒಂದರ ಹೊರ ಎಲೆ ಎದ್ದಿದೆ. ಹಳೇ ಎಂಟರಲ್ಲಿ ಏನೂ ಕಾಣಿಸ್ತಿಲ್ಲ. ಎರಡು ಸಂದೇಹ: ಹಳೇವನ್ನೂ ಫ್ರೀಜರಿನಲ್ಲಿ ಇಡಬೇಕಾ? ಇನ್ನು ಮುಂದೆ 69ರ ಪೊಟ್ಟಣ ತರಲಾ?

ತೇವಮಾಪಕ:
79 ಅಂದರೆ ಕಾರಣ ಸಿಕ್ಕಿತು. ಬೂಷ್ಟು ಸಾಮಾನ್ಯವಾಗಿ 75 ದಾಟಿದ ಮೇಲೆ ವೇಗ ಹಿಡಿಯುತ್ತೆ. ಆದರೂ ಹಸಿರು ಅಷ್ಟು ಒಳಗೆ ಹೋಗೋದಕ್ಕೆ ಆರು ದಿನ ಕಡಿಮೆ, ಅದು ಟ್ಯೂಬಿನೊಳಗೆ ಅಂಗಡಿಯಲ್ಲೇ ಶುರುವಾಗಿರಬೇಕು. ಬಿಳಿ ಚುಕ್ಕೆಗೆ ನಿಮ್ಮ ಪೆಟ್ಟಿಗೆಯೇ ಸಾಕಿತ್ತು. ಎಲೆ ಎದ್ದ ಒಂದನ್ನೂ ಬಿಟ್ಟುಬಿಡಿ.

ಫ್ರೀಜರ್ ಬೂಷ್ಟಿಗೆ ಮದ್ದಲ್ಲ, ಬೀಜಕಣ ಚಳಿಗೆ ಸಾಯಲ್ಲ. ಅದು ತಂಬಾಕಿನ ಹುಳುವಿಗೆ. ಹೊರ ಎಲೆಯಲ್ಲಿ ಸೂಜಿ ಚುಚ್ಚಿದ ಹಾಗೆ ದುಂಡನೆ ತೂತು, ಕೆಳಗೆ ಸಣ್ಣ ಪುಡಿ ಕಂಡರೆ ಮಾತ್ರ ಮಾಡಿ: ಜಿಪ್ ಕವರಿಗೆ ಹಾಕಿ ಗಾಳಿ ತೆಗೆದು ಒಂದು ದಿನ ಫ್ರಿಜ್, ಮೂರು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್, ಆಮೇಲೆ ಹೊರಗೆ. ಕವರಿನ ತಣುಪು ಪೂರ್ತಿ ಹೋಗೋವರೆಗೆ ಅದನ್ನ ಬಿಚ್ಚಬೇಡಿ. ತೆಗೆದರೆ ನಮ್ಮ ಮಳೆಗಾಲದ ಗಾಳಿಯ ನೀರೆಲ್ಲ ಸಿಗಾರಿನ ಮೇಲೆ ಹನಿಯಾಗುತ್ತೆ, ಬೂಷ್ಟಿಗೆ ಮತ್ತೆ ದಾರಿ. ಹುಳು ಮೊಟ್ಟೆ ಒಡೆಯೋದು ಬೆಚ್ಚಗಿದ್ದಾಗ, ಅದರ ಭಯ ಏಪ್ರಿಲ್-ಮೇನಲ್ಲಿ ಜಾಸ್ತಿ.

ಸೀಡರ್ ಪೆಟ್ಟಿಗೆ:
69 ಬೇಡ, 65 ತನ್ನಿ. ಪುಸ್ತಕದಲ್ಲಿ 70 ಅಂತ ಇರೋದು ಸುಮಾರು 21 ಡಿಗ್ರಿಯ ಲೆಕ್ಕ. ನಮ್ಮಲ್ಲಿ ಏಸಿ ಇಲ್ಲದ ಕೋಣೆ 25 ದಾಟುತ್ತೆ, ಆಗ ಅದೇ ಅಂಕಿಯಲ್ಲೂ ಬೂಷ್ಟಿನ ಅಪಾಯ ಹತ್ತಿರವಾಗುತ್ತೆ. ಜೂನಿನಿಂದ ಅಕ್ಟೋಬರ್‌ವರೆಗೆ 62 ಇಟ್ಟರೂ ಸಿಗಾರ್ ಹಾಳಾಗಲ್ಲ, ಸೇದುವಾಗ ಎಳೆತ ಸ್ವಲ್ಪ ಸಡಿಲ ಅನಿಸಬಹುದು ಅಷ್ಟೆ. ಫೆಬ್ರವರಿಯಿಂದ ಏಪ್ರಿಲ್‌ನ ಒಣಗಾಲದಲ್ಲಿ ಮಧ್ಯಾಹ್ನದ ಗಾಳಿ 30ಕ್ಕೆ ಇಳಿಯುತ್ತೆ, ಆಗ 65ಕ್ಕೆ ಎರಡು ಪೊಟ್ಟಣ ಬೇಕಾಗಬಹುದು. ಪೊಟ್ಟಣ ಪೂರ್ತಿ ಗಟ್ಟಿಯಾದರೆ ಮುಗಿಯಿತು, ಬದಲಿಸಿ.

ಪೆಟ್ಟಿಗೆಯನ್ನ ಹೊರಗಿನ ಗೋಡೆಗೆ ತಾಗಿಸಿ ಇಡಬೇಡಿ, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲೂ ಬೇಡ. ಮಳೆಗಾಲದಲ್ಲಿ ಹೊರಗೋಡೆ ತಣ್ಣಗಾಗಿ ಆ ಕಡೆಯ ಮರ ಒದ್ದೆ ಹಿಡಿಯುತ್ತೆ, ಬೂಷ್ಟು ಯಾವಾಗಲೂ ಆ ಮೂಲೆಯಲ್ಲೇ ಮೊದಲು.

ಬಸವನಗುಡಿ ಹೊಸಬ:
ಟ್ಯೂಬಿನ ಉಳಿದೆರಡು ಚೆನ್ನಾಗಿಯೇ ಕಾಣ್ತವೆ. ಟ್ಯೂಬಿನಲ್ಲೇ ಇಡಲಾ?

ಸೀಡರ್ ಪೆಟ್ಟಿಗೆ:
ಹೊರಗೆ ತೆಗೆಯಿರಿ. ಸೆಲ್ಲೋಫೇನ್ ಹೊದಿಕೆಯ ಮೂಲಕ ತೇವ ನಿಧಾನವಾಗಿ ಬಂದು ಹೋಗುತ್ತೆ, ಅಲ್ಯೂಮಿನಿಯಂ ಮೂಲಕ ಹೋಗಲ್ಲ. ಒಳಗೆ ಒದ್ದೆಯಾಗಿ ಬಂದದ್ದು ಒದ್ದೆಯಾಗಿಯೇ ಕೂರುತ್ತೆ, ನಿಮ್ಮ ಪೊಟ್ಟಣಕ್ಕೆ ಅದು ಗೊತ್ತೇ ಆಗಲ್ಲ. ಒಳಗಿನ ತೆಳು ಸೀಡರ್ ಹಾಳೆಯನ್ನೂ ಬಿಚ್ಚಿ ನೋಡಿ, ಅದರ ಒಳಮಗ್ಗುಲಲ್ಲಿ ಚುಕ್ಕೆ ಇದ್ದರೆ ಹಾಳೆ ಎಸೆಯಿರಿ. ಎರಡು ವಾರದ ಡಬ್ಬಿಯಲ್ಲೇ ಇವೂ ಇರಲಿ. ಮುಂದೆ ಟ್ಯೂಬಿನವನ್ನ ಕೊಳ್ಳುವಾಗ ಅಂಗಡಿಯಲ್ಲೇ ಮುಚ್ಚಳ ತಿರುಗಿಸಿ ಮೂಸಿ ನೋಡಿ, ತೆಗೆಯೋಕೆ ಬಿಡಲ್ಲ ಅಂದರೆ ಬಿಡಿ ಸಿಗಾರೇ ತೆಗೆದುಕೊಳ್ಳಿ.